ಜಮಾದಾರನ ಉಗುರು

ಮಾನ್ವಿಯ ಅಕ್ಕಿ ಗಿರಣಿಯ ಮಾಲೀಕ ವಿರೂಪಣ್ಣ ಒಮ್ಮೆ ಕೆಮ್ಮಿದರೆ ಸಾಕು, ಇಪ್ಪತ್ತು ಹಮಾಲರು ಏಕಕಾಲಕ್ಕೆ ಬೀಡಿ ಆರಿಸುತ್ತಿದ್ದರು. ಆ ಕೆಮ್ಮಿಗೆ ಕಿವಿಯನ್ನೂ ಅಲ್ಲಾಡಿಸದ ಜೀವಗಳು ಲೋಕದಲ್ಲಿ ಎರಡೇ. ಒಂದು, ಮನೆಯ ನಾಯಿ ಜಮಾದಾರ. (ಇನ್ನೊಂದರ ಹೆಸರು ಹೇಳಿದರೆ ವಿರೂಪಣ್ಣನ ಮಧ್ಯಾಹ್ನದ ಊಟಕ್ಕೆ ಸಂಚಕಾರ.)

ಆರು ತಿಂಗಳ ಹಿಂದೆ ದೇವದುರ್ಗದಿಂದ ಬೀಗತಿ ಸುನಂದಾ ಬಂದಾಗ ಜಮಾದಾರ ಹಿಂಗಾಲುಗಳ ಮೇಲೆ ನಿಂತು ಆಕೆಯನ್ನು ಸ್ವಾಗತಿಸಿದ್ದ. ಬೆಳೆದ ಉಗುರುಗಳ ಆ ಪ್ರೀತಿ ಆಕೆಯ ಇಳಕಲ್ ಸೀರೆಯ ಮೇಲೆ ಗೇಣುದ್ದದ ಸೀಳಾಗಿ ಉಳಿಯಿತು. ಆಕೆ ಅಂದದ್ದು ಒಂದೇ ಮಾತು: “ಇರ್ಲಿ ಬಿಡ್ರಿ, ಬೀಗರ.” ಬೈದಿದ್ದರೆ ವಾರದಲ್ಲಿ ಮರೆತುಹೋಗುತ್ತಿತ್ತು. ಆ ‘ಇರ್ಲಿ ಬಿಡ್ರಿ’ ಮಾತ್ರ ಅನ್ನದೊಳಗಿನ ಕಲ್ಲಿನಂತೆ ಇನ್ನೂ ಹಲ್ಲಿಗೆ ಸಿಗುತ್ತಿತ್ತು. ಈಗ ಬಸುರಿ ಮಗಳ ಕುಬಸಕ್ಕೆ ದಿನ ಗೊತ್ತುಮಾಡಲು ಅದೇ ಬೀಗತಿ ಭಾನುವಾರ ಬರುವವಳಿದ್ದಳು.

“ರಾಯಚೂರಿಗೆ ಒಯ್ರಿ. ದನದ ಡಾಕ್ಟರು ಐದು ಮಿನಿಟ್ನಾಗ ಕತ್ತರಿಸಿ ಕಳಿಸ್ತಾರ,” ಎಂದಳು ಹೆಂಡತಿ ಶಿವಬಸಮ್ಮ.

“ದಿನಾ ಲಾರಿಗಟ್ಟಲೆ ಅಕ್ಕಿ ಲೋಡ್ ಮಾಡಿಸೋನು ನಾನು. ಒಂದು ನಾಯಿ ಉಗರು ಕತ್ತರಿಸಾಕ ಡಾಕ್ಟರ್ ಬೇಕೇನು?”

“ಹಂಗಾದ್ರ ಇವತ್ತ ಕತ್ತರಿಸ್ರಿ.”

“ಇವತ್ತು ಸೋಮವಾರ! ಶಿವನ ವಾರ ಉಗರು ಮುಟ್ತಾರೇನು?”

ಮಂಗಳವಾರ ಹೇಗೂ ನಿಷಿದ್ಧ. ಬುಧವಾರ ಅಮಾವಾಸ್ಯೆ ಒದಗಿತು. ಗುರುವಾರ ಗುರುವಿನದು, ಶುಕ್ರವಾರ ಲಕ್ಷ್ಮಿಯದು. ಶನಿವಾರ ಗಿರಣಿಯಿಂದ ಬೇಕೆಂದೇ ತಡವಾಗಿ ಬಂದ; ಅಷ್ಟರಲ್ಲಿ ದೀಪ ಹಚ್ಚಿಯಾಗಿತ್ತು.

“ನಾಯಿಗೆಂಥಾ ವಾರರೀ?”

“ನಮ್ಮ ಮನಿ ಅನ್ನ ತಿಂತದಿಲ್ಲ? ಮನ್ಯಾಗ ಯಾರ ಉಗರೂ ಕತ್ತರಿಸಂಗಿಲ್ಲ. ನಂದೂ ಇಲ್ಲ!”

ಧರ್ಮಶಾಸ್ತ್ರದ ಈ ಹಠಾತ್ ಪುನರುತ್ಥಾನದ ಹಿಂದಿನ ಸತ್ಯ ವಿರೂಪಣ್ಣನೊಬ್ಬನಿಗೇ ಗೊತ್ತಿತ್ತು. ಪಂಜ ಮುಟ್ಟಿದೊಡನೆ ಜಮಾದಾರ ಗಂಟಲಲ್ಲೇ ‘ಗುರ್’ ಎನ್ನುತ್ತಿದ್ದ. ಅಷ್ಟಕ್ಕೇ ಗಿರಣಿಯ ಮಾಲೀಕ ಪಂಜ ಬಿಟ್ಟು ಕಟ್ಟೆ ಹತ್ತುತ್ತಿದ್ದ. ತನ್ನದೇ ಅನ್ನ ತಿನ್ನುವ ನಾಯಿಗೆ ತಾನು ಹೆದರುವುದು! ಏಕಾಂತದಲ್ಲಿ ನೆನೆದರೂ ಅವನ ಮುಖ ಕೆಂಪಾಗುತ್ತಿತ್ತು.

ಭಾನುವಾರಕ್ಕೆ ಯಾವ ದೇವರೂ ನೆರವಾಗಲಿಲ್ಲ. ಬೀಗತಿ ಹತ್ತಕ್ಕೆ ಬರುವವಳು. ಒಂಬತ್ತೂವರೆಗೆ ಅವನ ಬುದ್ಧಿ ಬೆಳಗಿತು. ಕ್ವಿಂಟಲ್‌ಗಟ್ಟಲೆ ನೆಲ್ಲನ್ನು ಅಲುಗದಂತೆ ಹಿಡಿಯುವ ಗೋಣಿಚೀಲಕ್ಕೆ ನಾಯಿಯೊಂದು ಲೆಕ್ಕವೇ? ರೊಟ್ಟಿಯ ಆಸೆ ತೋರಿಸಿ ಜಮಾದಾರನನ್ನು ಹಿಂಗಾಲುಗಳ ಕಡೆಯಿಂದ ಚೀಲಕ್ಕಿಳಿಸಿದ. ತಲೆ, ಮುಂಗಾಲುಗಳನ್ನು ಹೊರಗೆ ಬಿಟ್ಟು, ಎದೆಯ ಕೆಳಗೆ ಚೀಲದ ಬಾಯನ್ನು ದಬ್ಬಣದಿಂದ ಸಡಿಲವಾಗಿ ಹೊಲಿದ. ಗಿರಣಿಯ ಹೊಲಿಗೆ; ಬಳ್ಳಾರಿ ಮುಟ್ಟುವವರೆಗೂ ಬಿಚ್ಚದು.

“ಏನ್ ಮಾಡಾಕತ್ತೀರಿ? ಬೀಗರು ಬರೋ ಹೊತ್ತಾತು!” ಒಳಗಿನಿಂದ ಶಿವಬಸಮ್ಮ ಕೂಗಿದಳು.

“ಪ್ಯಾಕಿಂಗ್ ಮುಗೀತು!” ಎಂದು ವಿರೂಪಣ್ಣ ವಿಜಯದ ಕೆಮ್ಮು ಕೆಮ್ಮಿ ಉಗುರುಕತ್ತರಿ ಎತ್ತಿದ.

ಕತ್ತರಿಯನ್ನು ಕಂಡದ್ದೇ ತಡ, ಜಮಾದಾರ ಶಾಲೆಯ ಮಕ್ಕಳು ಚೀಲದ ಓಟ ಓಡುವಂತೆ ಕುಪ್ಪಳಿಸುತ್ತ ಗೇಟಿನತ್ತ ಹೊರಟ. ಅವನ ಹಿಂದೆ ವಿರೂಪಣ್ಣನ ಧೋತರವೂ ಹೊರಟಿತು. ಅವಸರದಲ್ಲಿ ಮಡಿಲ ಮೇಲಿದ್ದ ಅದರ ಅಂಚನ್ನೂ ಚೀಲಕ್ಕೆ ಸೇರಿಸಿ ಹೊಲಿದಿದ್ದ. ಹೊಲಿಗೆ ಬಿಚ್ಚಲಿಲ್ಲ, ಧೋತರ ಬಿಚ್ಚಿತು.

ಗೇಟು ತೆರೆದದ್ದೂ ಆಗಲೇ. ಹಣ್ಣಿನ ಬುಟ್ಟಿ ಹಿಡಿದ ಸುನಂದಾ ಮೊದಲು ಜಮಾದಾರನನ್ನು ನೋಡಿದಳು, ಆಮೇಲೆ ಧೋತರವನ್ನು, ಕೊನೆಗೆ ಪಟ್ಟಾಪಟ್ಟಿ ಚಡ್ಡಿಯಲ್ಲಿದ್ದ ಬೀಗರನ್ನು. ವಿರೂಪಣ್ಣ ಕೈಗೆ ಸಿಕ್ಕ ಖಾಲಿ ಅಕ್ಕಿಚೀಲವನ್ನು ಸೊಂಟಕ್ಕೆ ಸುತ್ತಿಕೊಂಡ. ಅದರ ಮೇಲೆ ದಪ್ಪಕ್ಷರದಲ್ಲಿ ಅವನದೇ ಗಿರಣಿಯ ಮುದ್ರೆಯಿತ್ತು: ‘ಮೊದಲ ದರ್ಜೆಯ ಮಾಲು.’

“ಇರ್ಲಿ ಬಿಡ್ರಿ, ಬೀಗರ,” ಎಂದಳು ಸುನಂದಾ.

ಆಕೆ ಬಿದ್ದಿದ್ದ ಉಗುರುಕತ್ತರಿ ಎತ್ತಿಕೊಂಡು ಕಟ್ಟೆಯ ಮೇಲೆ ಕೂತು, ಅದರಿಂದಲೇ ಹೊಲಿಗೆ ಕತ್ತರಿಸಿ ಜಮಾದಾರನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಿವಿಯ ಹಿಂದೆ ಕೆರೆಯುತ್ತ ಪಂಜ ಹಿಡಿದಳು. ಒಂದೊಂದೇ ಉಗುರಿನ ತುದಿ ಟಿಕ್ ಟಿಕ್ ಎಂದು ಬೀಳತೊಡಗಿತು. ಜಮಾದಾರ ಆಕಳಿಸಿದ.

“ನಮ್ಮ ಮನ್ಯಾಗ ಮೂರು ನಾಯಿ ಅದಾವ್ರಿ,” ಎಂದಳು ಆಕೆ, ತಲೆಯೆತ್ತದೆ. “ಹಿಡಿಯೋರು ಅಂಜಿದ್ರ ಅವೂ ಅಂಜತಾವ.”

ಹೊರಗೆ ಬಂದಿದ್ದ ಶಿವಬಸಮ್ಮ ಸೋಮವಾರದಿಂದ ಶನಿವಾರದವರೆಗಿನ ಧರ್ಮಶಾಸ್ತ್ರವನ್ನು ಮನಸ್ಸಿನಲ್ಲೇ ಒಂದೊಂದಾಗಿ ಓದಿಕೊಳ್ಳುತ್ತ ಗಂಡನನ್ನು ನೋಡಿದಳು. ವಿರೂಪಣ್ಣ ನೆಲ ನೋಡಿದ. ಅಲ್ಲಿ ಚೀಲದ ಕೆಳಗೆ ಅವನ ಕಾಲ್ಬೆರಳುಗಳಿದ್ದವು. ಕೆಲಸ ಮುಗಿಸಿದ ಸುನಂದಾಳ ದೃಷ್ಟಿಯೂ ಅಲ್ಲಿಗೇ ಬಂದು ನಿಂತಿತು.

“ಅಯ್ಯ, ಬೀಗರ ಉಗರೂ ಭಾಳ ಬೆಳದಾವಲ್ರೀ ಅಕ್ಕಾರ!”

“ಅವರ್ದು ಬ್ಯಾಡ್ರಿ,” ಎಂದಳು ಶಿವಬಸಮ್ಮ. “ಮುಟ್ಟಿದ್ರ ಗುರ್ ಅಂತಾರ.”

ವಿರೂಪಣ್ಣನಿಗೆ ಗಟ್ಟಿಯಾಗಿ ಒಮ್ಮೆ ಕೆಮ್ಮಬೇಕೆನಿಸಿತು. ಚೀಲ ಜಾರೀತೆಂದು ಕೆಮ್ಮಲಿಲ್ಲ.