ಅಪ್ಪನ ತೂಕಕ್ಕೆ ಸರಿಯಾದ ಬಾಗಿಲು

ಏಟು ತಿನ್ನದೆ ಯಾವ ಗಾಡಿಯೂ ನಮ್ಮ ಟಿಂಕರಿಂಗ್ ಶೆಡ್ಡಿಗೆ ಬರುವುದಿಲ್ಲ, ನಗುತ್ತಾ ಯಾವ ಗಿರಾಕಿಯೂ ಬರುವುದಿಲ್ಲ. ಆದರೂ ಅದೇನೋ, ನಗಬಾರದ ಹೊತ್ತಿನಲ್ಲೇ ನಗು ಬರಿಸುವಂಥದ್ದು ಅಲ್ಲಿ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಹೊಸೂರಿನ ಆಚೆ ಸೂಳಗಿರಿಯಲ್ಲಿ ಹೆದ್ದಾರಿ ಪಕ್ಕ ಆ ಶೆಡ್ಡು ಹಾಕಿದವನು ನಮ್ಮಪ್ಪ. ಮೀಸೆ ಬರುವ ಕಾಲದಿಂದ ನಾನು ಅವನ ಕೈಕೆಳಗೆ ಸುತ್ತಿಗೆ ಹಿಡಿದವನು. ಅಂದಿನಿಂದ ಬಂದ ಗಾಡಿಗಳಲ್ಲಿ ಮುಕ್ಕಾಲು ಪಾಲು ಮರೆತಿದ್ದೇನೆ. ಒಂದನ್ನು ಮಾತ್ರ ಮರೆಯೋಣ ಅಂದರೂ ಆಗುವುದಿಲ್ಲ. ಅದು ನಮ್ಮೂರಿನ ಹೆಣದ ಗಾಡಿ.

ಮೊದಲು ಅದು ಟೊಮೆಟೊ ಹೊರುತ್ತಿದ್ದ ಸಣ್ಣ ಲಾರಿ. ಮುದಿಯಾದ ಮೇಲೆ ಅದರ ಯಜಮಾನ ಊರಿನ ಸಂಘಕ್ಕೆ ದಾನ ಕೊಟ್ಟುಬಿಟ್ಟ. ಸಂಘದವರು ಹಿಂದೆ ತಗಡಿನ ಗೂಡು ಕಟ್ಟಿಸಿದರು. ನಡುವೆ ಹೆಣ ಮಲಗಿಸಲು ಹಲಗೆ, ಎರಡೂ ಕಡೆ ನೆಂಟರು ಕೂರಲು ಬೆಂಚು, ಹಿಂಭಾಗಕ್ಕೆ ಮೇಲಕ್ಕೆ ಎತ್ತುವ ಒಂದೇ ಬಾಗಿಲು. ಸುತ್ತಲಿನ ಹಳ್ಳಿಗಳಿಗೆಲ್ಲ ಇದೊಂದೇ ಗಾಡಿ. ಇವತ್ತಲ್ಲ ನಾಳೆ ಎಲ್ಲರೂ ಹತ್ತಲೇಬೇಕಾದ ಗಾಡಿ ಅಂದ ಮೇಲೆ ಬಾಗಿಲಾದರೂ ನೆಟ್ಟಗಿರಬೇಕಲ್ಲ? ಇರಲಿಲ್ಲ.

೧. ಮೂರು ಭಾಷೆಯ ರಿವರ್ಸ್

ಬಾಗಿಲು ಕೆಟ್ಟಿದ್ದು ಹೀಗೆ. ರಿಟೈರಾದ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ಡ್ರೈವರಣ್ಣ ಮಸಣದ ಒಳಕ್ಕೆ ಗಾಡಿಯನ್ನು ಹಿಂದೆ ಹಿಂದೆ ಬಿಡುತ್ತಿದ್ದಾನೆ. ಮೇಷ್ಟ್ರ ಮಗ ಅಳುತ್ತಾ "ಬಾ, ಬಾ" ಅಂತ ಕೈ ಆಡಿಸಿದ. ಅವರ ಜೊತೆ ಕೆಲಸ ಮಾಡಿದ ತಮಿಳು ಮೇಷ್ಟ್ರು "ವಾ, ವಾ" ಅಂದರು. ತೆಲುಗಿನ ಅಳಿಯ "ರಾ, ರಾ" ಅಂದ. ಡ್ರೈವರಣ್ಣನಿಗೆ ಮೂರು ಭಾಷೆಯೂ ಚೆನ್ನಾಗಿ ಬರುತ್ತದೆ. ಮೂವರೂ ಕರೆದರು ಅಂತ ಧೈರ್ಯವಾಗಿ ಬಂದ. ನಿಲ್ಲು ಅನ್ನುವ ಮಾತು ಮೂರು ಭಾಷೆಯಲ್ಲೂ ಇದೆ, ಆದರೆ ದುಃಖದಲ್ಲಿದ್ದವರ ಬಾಯಿಗೆ ಒಂದೂ ಬರಲಿಲ್ಲ. ಬಾಗಿಲು ಕಲ್ಲುಕಂಬಕ್ಕೆ ಅಪ್ಪಳಿಸಿ ಒಳಕ್ಕೆ ತಗ್ಗಿಹೋಯಿತು.

ಗಾಡಿ ಶೆಡ್ಡಿಗೆ ಬಂದಾಗ ಅಪ್ಪ ಮೊದಲು ಕೇಳಿದ್ದು ಬಾಗಿಲಿನ ವಿಷಯವಲ್ಲ.

"ಒಳಗಿದ್ದೋರ್ಗೆ ಏಟೇನಾದ್ರೂ ಬಿತ್ತೇನಯ್ಯಾ?"

ಡ್ರೈವರಣ್ಣ ಸ್ವಲ್ಪ ಯೋಚನೆ ಮಾಡಿ ಹೇಳಿದ: "ಮೇಷ್ಟ್ರು ಏನೂ ಅನ್ನಲಿಲ್ಲ ಅಣ್ಣ."

೨. ಸಿಟ್ಟು ಬಂದ ಅತ್ತೆ

ಗಾಡಿಯನ್ನು ಒಂದು ದಿನ ಕೂಡ ನಿಲ್ಲಿಸಿಕೊಳ್ಳುವ ಹಾಗಿರಲಿಲ್ಲ. ಸಾಯುವವರು ನಮ್ಮ ರಿಪೇರಿ ಮುಗಿಯಲಿ ಅಂತ ಕಾಯುತ್ತಾರೆಯೇ? ಒಳಗಿನಿಂದ ಬಡಿದು ತಗ್ಗು ಎತ್ತಿ, ಹಳೇ ಚಿಲಕವನ್ನೇ ನೆಟ್ಟಗೆ ಮಾಡಿ ಕಳಿಸಿದೆವು. ಮಾರನೇ ದಿನವೇ ಉದ್ದನಪಲ್ಲಿಯಲ್ಲಿ ಒಬ್ಬ ಅಜ್ಜಿ ಹೋದರು. ಮಸಣದಲ್ಲಿ ಬಾಗಿಲು ತೆಗೆಯಲಿಲ್ಲ. ಎಳೆದರು, ಒದ್ದರು, ಪೂಜೆಗೆ ತಂದಿದ್ದ ನಿಂಬೆಹಣ್ಣನ್ನೂ ನಿವಾಳಿಸಿದರು. ಫೋನ್ ಬಂದು ನಾನೂ ಅಪ್ಪನೂ ಓಡಿಹೋಗುವಷ್ಟರಲ್ಲಿ ನಾಲ್ಕು ಜನ ಸೇರಿ ಅಜ್ಜಿಯನ್ನು ಪಕ್ಕದ ಕಿಟಕಿಯಿಂದ ಓರೆಯಾಗಿ ಈಚೆಗೆ ಎಳೆಯುತ್ತಿದ್ದರು. ಸೀರೆ ತಗಡಿಗೆ ಸಿಕ್ಕಿಕೊಂಡಿತ್ತು. ನೋಡಲಾಗಲಿಲ್ಲ.

ಸೊಸೆ ಮಾತ್ರ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಹೇಳಿದಳು: "ನಮ್ಮತ್ತೆ ಯಾವತ್ತೂ ಹಿಂಗೇ ಕಣಕ್ಕ. ಸಿಟ್ಟು ಬಂತಂದ್ರೆ ಬಾಗ್ಲು ಹಾಕ್ಕೊಂಡ್ಬುಡೋರು."

ನಾನು ಮರೆಗೆ ಹೋಗಿ ನಕ್ಕೆ. ಅಪ್ಪ ನಗಲಿಲ್ಲ. ಆ ಹೊತ್ತಿಗೆ ಅವನಿಗೆ ಉಬ್ಬಸ ಜಾಸ್ತಿಯಾಗಿತ್ತು. ವೆಲ್ಡಿಂಗ್ ಹೊಗೆಯ ಹತ್ತಿರ ಸುಳಿಯಬಾರದು ಅಂತ ಡಾಕ್ಟರು ಹೇಳಿದ್ದರು, ಬಹಳ ದಿನ ಇಲ್ಲ ಅಂತ ನನಗೆ ಬೇರೆಯಾಗಿ ಹೇಳಿದ್ದರು. ಅವನಿಗೆ ಯಾರೂ ಹೇಳದಿದ್ದರೂ ಗೊತ್ತಿತ್ತು. ಬರುವ ದಾರಿಯಲ್ಲಿ ಬೈಕಿನ ಹಿಂದೆ ಕೂತು, ಉಸಿರು ಎಳೆದೆಳೆದು ಹೇಳಿದ:

"ಆ ಬಾಗ್ಲು ಸರಿಯಾಗ್ಬೇಕು ಕಣ್ಲಾ. ನಾನ್ ಹೋಗೋದೂ ಅದ್ರಲ್ಲೇ. ನನ್ನ ಕಿಟಕೀಲಿ ಎಳೀಬ್ಯಾಡ್ರಿ."

೩. ಸುತ್ತಿಗೆಗೆ ಸ್ನಾನ

ಸಂಘದವರನ್ನು ಒಪ್ಪಿಸಿ ಗಾಡಿಯನ್ನು ಹತ್ತು ದಿನ ಶೆಡ್ಡಿನಲ್ಲೇ ಇಟ್ಟುಕೊಂಡೆವು. ಹೆಣದ ಗಾಡಿ ಮುಟ್ಟಿದರೆ ಸ್ನಾನ ಮಾಡದೆ ಮನೆಯೊಳಕ್ಕೆ ಬರಬಾರದು ಅಂತ ಅಮ್ಮ ತಕರಾರು ತೆಗೆದಳು. ಕಾಫಿಗೆ ಬಂದರೆ ಒಂದು ಸ್ನಾನ, ಊಟಕ್ಕೆ ಒಂದು, ಸಂಜೆಗೊಂದು. ಒಂದೇ ವಾರದಲ್ಲಿ ನನಗೆ ನೆಗಡಿ ಹಿಡಿಯಿತು. ನಮ್ಮ ಬೀದಿಯಲ್ಲಿ ಸಾವಿನ ಶಾಸ್ತ್ರವನ್ನೆಲ್ಲ ಹೇಳಿಕೊಡುವ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಅವರನ್ನು ಯಜಮಾನರು ಅನ್ನುತ್ತಾರೆ. ಅವರನ್ನೇ ಕೇಳಿದೆ. ಅವರು ಕಣ್ಣು ಮುಚ್ಚಿ ಯೋಚಿಸಿ, "ಗಾಡಿ ಮುಂಭಾಗ ಮುಟ್ಟಿದ್ರೆ ಕಾಲು ತೊಳ್ಕೊಂಡ್ರೆ ಸಾಕು. ಬಾಗ್ಲು ಮುಟ್ಟಿದ್ರೆ ಮಾತ್ರ ತಲೆಗೆ ನೀರು" ಅಂದರು. ನಮ್ಮ ಕೆಲಸವೆಲ್ಲ ಬಾಗಿಲಿನದೇ.

ಅದೇ ಯಜಮಾನರ ಸ್ಕೂಟರಿನ ಮಡ್‌ಗಾರ್ಡು ಆ ವಾರವೇ ನೆಗ್ಗಿತು. ಶೆಡ್ಡಿನೊಳಕ್ಕೆ ಕಾಲಿಡದೆ ರಸ್ತೆಯಾಚೆ ನಿಂತು, "ಇಲ್ಲಿಗೇ ಬಂದು ತಟ್ಟಿಕೊಡಪ್ಪ. ಆದ್ರೆ ಆ ಸುತ್ತಿಗೆ ಬ್ಯಾಡ, ಬೇರೆ ತಗೊಂಬಾ" ಅಂದರು. ಆ ಕೆಲಸಕ್ಕೆ ನನ್ನ ಹತ್ತಿರ ಇದ್ದದ್ದು ಅದೊಂದೇ ಸುತ್ತಿಗೆ. ಅವರ ಕಣ್ಣೆದುರಿಗೇ ಅದನ್ನು ತೊಟ್ಟಿಯ ಹತ್ತಿರ ಹಿಡಿದು ಒಂದು ಚೊಂಬು ನೀರು ಸುರಿದೆ.

ಅವರು ಆ ಕಡೆಯಿಂದ ಕೂಗಿದರು: "ಹಿಡೀಗೂ ಸುರೀಲಾ!"

೪. ಭಾರ ಹಾಕಿ ನೋಡು

ಈ ಸಲ ಬಾಗಿಲನ್ನು ಪೂರ್ತಿ ಬಿಚ್ಚಿದೆವು. ಕೆಳಗಿನ ತುಕ್ಕು ತಗಡು ಕತ್ತರಿಸಿ ಹೊಸದು ಬೆಸೆದೆ. ಮೇಲಿನ ಕೀಲು ಎರಡೂ ಬದಲಾಯಿಸಿ, ಬಾಗಿಲು ಮೇಲಕ್ಕೆ ಎತ್ತುವ ಸ್ಪ್ರಿಂಗು ಹಾಕಿದೆ. ಹೊಸ ಚಿಲಕವನ್ನು ಅಪ್ಪ ಸ್ಟೂಲಿನ ಮೇಲೆ ಕೂತು, ಮೂಗಿಗೆ ಟವಲು ಕಟ್ಟಿಕೊಂಡು, ತಾನೇ ಅರದಿಂದ ಉಜ್ಜಿದ. ನಾಲ್ಕು ಸಲ ಉಜ್ಜುವುದು, ಉಸಿರಿಗೆ ನಿಲ್ಲುವುದು, ಮತ್ತೆ ಉಜ್ಜುವುದು. ಬಿಡು ಅಂದರೆ ಬಯ್ಯುತ್ತಿದ್ದ. ಜೋಡಿಸಿ ಮೂವತ್ತು ಸಲ ತೆಗೆದು ಹಾಕಿ ಮಾಡಿದೆ. ಬೆರಳಲ್ಲಿ ಎತ್ತಿದರೆ ಮೇಲೆ ಹೋಗುತ್ತಿತ್ತು.

"ಖಾಲಿ ಗಾಡೀಲಿ ಎಲ್ಲಾ ಬಾಗ್ಲೂ ತೆಗೀತವೆ" ಅಂದ ಅಪ್ಪ. "ಮುದಿ ಗಾಡಿ ಕಣ್ಲಾ ಇದು. ಭಾರ ಬಿದ್ರೆ ಹಿಂದಿನ ನೆಲ ಜಗ್ಗುತ್ತೆ. ನೆಲ ಜಗ್ಗಿದ್ರೆ ಚಿಲಕ ಕಚ್ಕತ್ತದೆ. ಭಾರ ಹಾಕಿ ನೋಡು."

"ಸಿಮೆಂಟ್ ಮೂಟೆ ತರ್ಲಾ?"

"ಮೂಟೆ ಯಾಕೆ? ನಾನಿಲ್ವಾ?"

ಬೇಡ ಬೇಡ ಅನ್ನುತ್ತಿದ್ದಂತೆ ಹತ್ತಿ ಹಲಗೆಯ ಮೇಲೆ ಮಲಗಿ ಎದೆಯ ಮೇಲೆ ಕೈ ಕಟ್ಟಿಕೊಂಡ. ನಾನು ಬಾಗಿಲು ಹಿಡಿದು ನಿಂತೆ. "ಹಾಕ್ಲಾ ಬಾಗ್ಲು" ಅಂತ ಒಳಗಿನಿಂದ ಗದರಿದ. ಹಾಕಿದೆ, ತೆಗೆದೆ. ಆರು ಸಲ. ಒಂದು ಸಲವೂ ಕಚ್ಚಲಿಲ್ಲ. ಏಳನೇ ಸಲ ತೆಗೆದಾಗ ಅಪ್ಪ ಗಾಢವಾಗಿ ನಿದ್ದೆ ಹೋಗಿದ್ದ. ಮನೆಯಲ್ಲಿ ಉಬ್ಬಸದಿಂದ ಕಣ್ಣು ಮುಚ್ಚದವನು ಅಲ್ಲಿ ನೆಮ್ಮದಿಯಾಗಿ ಮಲಗಿದ್ದಾನೆ, ಎಬ್ಬಿಸಲು ಮನಸ್ಸಾಗಲಿಲ್ಲ. ತಲೆ ತಗ್ಗಿಸಿಕೊಂಡು ಚಿಲಕ ನೋಡುತ್ತಾ ನಿಂತೆ.

ಸ್ಕೂಟರಿನಲ್ಲಿ ಹೋಗುತ್ತಿದ್ದ ಯಜಮಾನರಿಗೆ ಕಂಡದ್ದು ಇಷ್ಟು: ಹೆಣದ ಗಾಡಿಯಲ್ಲಿ ಅಪ್ಪ, ಕೆಳಗೆ ತಲೆ ತಗ್ಗಿಸಿ ನಿಂತ ಮಗ. ದೂರದಿಂದಲೇ ಒಂದು ಫೋಟೊ ಹೊಡೆದು ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಓಂ ಶಾಂತಿಗಳು ಸಾಲುಗಟ್ಟಿದವು. ಬಾಗಲೂರಿನಲ್ಲಿದ್ದ ನಮ್ಮ ದೊಡ್ಡಪ್ಪನಿಗೂ ಸುದ್ದಿ ಮುಟ್ಟಿತು. ಅಪ್ಪನ ಅಣ್ಣ ಅವನು. ಅಪ್ಪನಂಥವರು ಮೂವರನ್ನು ಸೇರಿಸಿದರೆ ಆಗುವಷ್ಟು ದಪ್ಪ. ಆಳೆತ್ತರದ ಹಾರ ಹಿಡಿದು, ಎದೆ ಬಡಿದುಕೊಳ್ಳುತ್ತಾ ಆಟೋದಿಂದ ಇಳಿದ. ಆ ಗದ್ದಲಕ್ಕೆ ಅಪ್ಪ ಎದ್ದು ಕೂತ.

ದೊಡ್ಡಪ್ಪ ಹಾರದ ಸಮೇತ ನೆಲಕ್ಕೆ ಕುಸಿದ. ಅಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಒಳ್ಳೇ ಹೊತ್ತಿಗೆ ಬಂದೆ ಬಾ. ನೀನೂ ಹತ್ತಿ ಬೆಂಚಲ್ಲಿ ಕೂತ್ಕೊ. ಭಾರ ಹೆಂಗೆ ತಡೀತದೆ ನೋಡಣ" ಅಂದ.

"ಥೂ! ನನ್ನ ಜೀವ ಇರೋಗಂಟ ನಾನು ಈ ಗಾಡಿ ಹತ್ತಕ್ಕಿಲ್ಲ!"

ಅವನು ಹಾರವನ್ನು ಶೆಡ್ಡಿನ ಮೊಳೆಗೆ ನೇತುಹಾಕಿ ಹೋಗಿಬಿಟ್ಟ. ಅಪ್ಪ ನನ್ನ ಫೋನು ಇಸಿದುಕೊಂಡು ಸಂಜೆಯವರೆಗೆ ಗ್ರೂಪು ನೋಡಿದ. ಓಂ ಶಾಂತಿ ಹಾಕದವರು ಯಾರು ಯಾರು ಅಂತ ಅವನಿಗೆ ತಿಳಿಯಬೇಕಿತ್ತು.

೫. ಮತ್ತೆ ಟೆಸ್ಟಿಂಗಾ?

ಎರಡು ತಿಂಗಳಿಗೆ ಅಪ್ಪನನ್ನು ಹೊಸೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ನಳಿಕೆ ಹಾಕಿದ್ದರು. ಮಾತಾಡಬಾರದು ಅಂದಿದ್ದರು. ನನ್ನನ್ನು ಹತ್ತಿರ ಕರೆದು ಕೇಳಿದ:

"ಬಾಗ್ಲು ಹೆಂಗೈತೆ?"

"ಒಂದ್ ಸಲಾನೂ ಕಚ್ಚಿಲ್ಲಪ್ಪ."

"ಸರಿ ಹಂಗಾದ್ರೆ" ಅಂದ, ಕೆಲಸ ಮುಗಿದವನ ಹಾಗೆ. ಮಾರನೇ ಬೆಳಗ್ಗೆ ಹೋಗಿಬಿಟ್ಟ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗ್ರೂಪಿಗೆ ಸುದ್ದಿ ಹಾಕಿದೆ. ಮೊದಲ ಉತ್ತರ ಯಜಮಾನರದು.

"ಮತ್ತೆ ಟೆಸ್ಟಿಂಗಾ?"

ಸಿಟ್ಟು ಬಂತು. ಆಮೇಲೆ, ಇದನ್ನು ಅಪ್ಪನಿಗೆ ತೋರಿಸಬೇಕು ಅಂತ ಒಳಗೆ ಎದ್ದು ಹೋದೆ. ಬಾಗಿಲ ತನಕ ಹೋದ ಮೇಲೆ ನೆನಪಾಯಿತು.

೬. ತಿರುಗಬೇಡ

ನಮ್ಮಲ್ಲಿ ಬೆಂಕಿಯ ಮಡಕೆ ಹಿಡಿದ ಮಗ ಹೆಣದ ಮುಂದೆ ನಡೆಯಬೇಕು. ಮಡಕೆ ಕೆಳಗಿಡಬಾರದು, ಹಿಂದಿರುಗಿ ನೋಡಬಾರದು. ಮನೆಯಿಂದ ನಾನು ಮಡಕೆ ಹಿಡಿದು ಡ್ರೈವರಣ್ಣನ ಪಕ್ಕ ಕೂತೆ. ಹಿಂದೆ ಅಪ್ಪ, ಬೆಂಚಿನ ಮೇಲೆ ನೆಂಟರು. ಮಸಣದ ಬಾಗಿಲಲ್ಲಿ ಇಳಿದು, ಗಾಡಿಗೆ ಬೆನ್ನು ಹಾಕಿ, ಅಪ್ಪನನ್ನು ಇಳಿಸಲಿ ಅಂತ ನಿಂತೆ. ಕ್ಷೌರ ಮಾಡಿಸಿದ ತಲೆ, ಒದ್ದೆ ಪಂಚೆ, ಕೈಯಲ್ಲಿ ಹೊಗೆಯಾಡುವ ಮಡಕೆ.

ಹಿಂದೆ ಡ್ರೈವರಣ್ಣನ ದನಿ: "ತಮ್ಮಾ, ಬಾಗ್ಲು ಬರ್ತಿಲ್ಲ!"

ತಿರುಗಲು ಹೋದೆ.

"ತಿರುಗ್ಬೇಡ್ಲಾ!" ಅಂತ ಯಜಮಾನರು ಅಬ್ಬರಿಸಿದರು.

ಆ ಬಾಗಿಲಿನ ಹೊಟ್ಟೆಯೊಳಗಿನದು ತಿಳಿದವರು ಇಬ್ಬರೇ. ಒಬ್ಬ ಗಾಡಿಯೊಳಗೆ ಮಲಗಿದ್ದಾನೆ. ಇನ್ನೊಬ್ಬ ತಿರುಗುವ ಹಾಗಿಲ್ಲ, ಕೈ ಖಾಲಿಯಿಲ್ಲ.

"ಚಿಲಕ ಮೇಲಕ್ಕೆ ಎತ್ತಿ ಎಳೀರಣ್ಣ" ಅಂತ ಎದುರಿಗಿದ್ದ ಹೊಂಗೆ ಮರಕ್ಕೆ ಕೂಗಿದೆ.

"ಎತ್ತಕ್ಕೇ ಆಗ್ತಿಲ್ಲ, ಕಚ್ಕೊಂಡೈತೆ!"

"ಹಂಗಾದ್ರೆ ಕಿಟಕೀಲಿ ಇಳಿಸ್ಬುಡಣ" ಅಂತ ಯಾರೋ ಅಂದರು.

"ಕಿಟಕೀಲಿ ಬ್ಯಾಡ!" ಅಂತ ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಬೈಕಿನ ಹಿಂದೆ ಕೂತು ಉಸಿರು ಎಳೆಯುತ್ತಾ ಅಪ್ಪ ಕೇಳಿದ್ದು ಅದೊಂದೇ. ಭಾರ ಬಿದ್ದರೆ ನೆಲ ಜಗ್ಗುತ್ತೆ, ಜಗ್ಗಿದರೆ ಚಿಲಕ ಕಚ್ಚುತ್ತೆ. ಆದರೆ ಅಪ್ಪನ ಭಾರಕ್ಕೆ ಏಳು ಸಲ ನೋಡಿದ್ದೆವಲ್ಲ? ಆಸ್ಪತ್ರೆಯಲ್ಲಿ ಇನ್ನೂ ಸೊರಗಿ ಅರ್ಧವಾಗಿದ್ದ. ಹಾಗಾದರೆ ಈ ಭಾರ ಯಾರದು?

"ಬಾಗ್ಲ ಪಕ್ಕ ಬೆಂಚಲ್ಲಿ ಯಾರು ಕೂತವ್ರೆ?" ಅಂತ ಹೊಂಗೆ ಮರವನ್ನು ಕೇಳಿದೆ.

ತಗಡಿನ ಗೂಡಿನೊಳಗಿಂದ ಅಳುವ ದನಿಯೊಂದು ಬಂತು. "ನಾನು ಕಣಪ್ಪಾ. ನಿಮ್ಮ ದೊಡ್ಡಪ್ಪ."

ಮನೆಯ ಹತ್ತಿರ ಎಲ್ಲರಿಗಿಂತ ಕೊನೆಗೆ ಹತ್ತಿದವನು ಅವನೇ. ತಮ್ಮನನ್ನು ಬಿಟ್ಟಿರಲಾರದೆ ಅಂದಿನ ಶಪಥ ಮುರಿದಿದ್ದ. ಅವನು ಕೂತ ಮೇಲೆ ಬಾಗಿಲು ಬೀಳಲಿಲ್ಲವೆಂದು ನಾಲ್ಕು ಜನ ಸೇರಿ ಒತ್ತಿ ಹಾಕಿದ್ದರಂತೆ.

"ದೊಡ್ಡಪ್ಪಾ, ಎದ್ದು ಮುಂದಕ್ಕೆ ಹೋಗು, ಕ್ಯಾಬಿನ್ ಕಡೆಗೆ!"

ಒಳಗೆ ದಡದಡ ಸದ್ದಾಯಿತು. ಗಾಡಿ ಒಂದು ಸಲ ಉಯ್ಯಾಲೆಯಾಡಿತು. ಟಕ್ ಅಂತ ಚಿಲಕ ಬಿಟ್ಟ ಸದ್ದು. ಅಪ್ಪ ಉಜ್ಜಿದ ಚಿಲಕ. ಬಾಗಿಲು ಯಾರೂ ಮುಟ್ಟದೆ ತಾನೇ ಮೇಲೆದ್ದಿತಂತೆ, ನಾನು ನೋಡಲಿಲ್ಲ. ದೊಡ್ಡಪ್ಪ ಒಳಗಿನಿಂದಲೇ ಅಪ್ಪನಿಗೆ ಹೇಳುತ್ತಿದ್ದುದು ಮಾತ್ರ ಕೇಳಿಸಿತು:

"ಅವತ್ತೇ ಹತ್ತಿ ಕೂತಿದ್ರೆ ಆಗೋದು ಕಣೋ. ನಿನ್ ಮಾತು ಕೇಳ್ದೆ ಹೋದೆ. ತಪ್ಪಾಯ್ತು, ಇವಾಗ ಟೆಸ್ಟ್ ಆಯ್ತು ಬುಡು."

ನನಗೆ ನಗು ಬಂದುಬಿಟ್ಟಿತು. ತಡೆಯಲು ತುಟಿ ಕಚ್ಚಿದೆ, ಮಡಕೆ ಅಪ್ಪಿಕೊಂಡೆ, ಹೊಗೆ ಮೂಗಿಗೆ ಹೋಯಿತು. ಭುಜ ಎರಡೂ ಕುಣಿಯತೊಡಗಿದವು. ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಅಂದುಕೊಂಡೆ. ಅಂದುಕೊಂಡದ್ದೇ ತಡ, ಆ ನಗು ಎಲ್ಲಿಗೆ ಹೋಯಿತೋ ತಿಳಿಯದು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಭುಜ ಮಾತ್ರ ಹಾಗೇ ಕುಣಿಯುತ್ತಿತ್ತು.

ಹಿಂದೆ ನಿಂತವರಿಗೆ ಕಂಡದ್ದು ನನ್ನ ಬೆನ್ನೊಂದೇ. ಯಜಮಾನರು ಬಂದು ಬೆನ್ನು ಸವರಿ, "ಅಳ್ಬೇಡ ಮಗ, ಸಮಾಧಾನ ಮಾಡ್ಕೊ" ಅಂದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನೋಡ್ರಪ್ಪಾ, ಅಪ್ಪನಿಗೆ ಅಳೋದಂದ್ರೆ ಹಿಂಗೆ ಅಳ್ಬೇಕು" ಅಂದರು. ಇವತ್ತಿಗೂ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಲ್ಲಿನ ಗಂಡುಮಕ್ಕಳಿಗೆ ನನ್ನನ್ನೇ ತೋರಿಸಿ ಬಯ್ಯುತ್ತಾರೆ. ಡ್ರೈವರಣ್ಣ ಮಾತ್ರ ನನ್ನನ್ನು ಯಾವತ್ತೂ ಹೊಗಳಿಲ್ಲ. ಗಾಡಿ ಹೊರಡುವ ಮುಂಚೆ ಈಗ ಅವನು ಸತ್ತವರ ಕಡೆ ತಿರುಗಿಯೂ ನೋಡುವುದಿಲ್ಲ. ಬದುಕಿರುವವರನ್ನು ಒಬ್ಬೊಬ್ಬರನ್ನಾಗಿ ಮೇಲಿನಿಂದ ಕೆಳಗಿನವರೆಗೆ ಅಳೆದು, ದಪ್ಪನೆಯವರನ್ನು ಕೈಹಿಡಿದು ಕರೆತಂದು ಮುಂದೆ ತನ್ನ ಪಕ್ಕ ಕೂರಿಸಿಕೊಳ್ಳುತ್ತಾನೆ.