ತಾಳದ ಸದ್ದಿಗೊಂದು ಕೆಪಾಸಿಟರ್

ಸುಳ್ಳು ಹೇಳಬಾರದು, ಯಾರ ಮನಸ್ಸನ್ನೂ ನೋಯಿಸಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದರು. ಎರಡೂ ಒಟ್ಟಿಗೆ ಎದುರಾದರೆ ಏನು ಮಾಡಬೇಕೆಂಬುದನ್ನು ಮಾತ್ರ ಕಲಿಸಲಿಲ್ಲ. ಅದಕ್ಕೇ ಅಂಥ ಹೊತ್ತಿನಲ್ಲಿ ನಾನು "ಕಾಫಿ ತರ್ಲಾ?" ಎಂದು ಎದ್ದುಬಿಡುತ್ತೇನೆ.

ಈಚೆಗೆ ನಮ್ಮ ಯಜಮಾನರು ತಾವೇ ಕಟ್ಟಿದ ಹಳೆಯ ಆಂಪ್ಲಿಫೈಯರನ್ನು ವಿಜಯನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ಕೂತರು. ಭಜನೆ ಹಾಕಿದರೆ ತಾಳದ ಸದ್ದು ಮಂಕಾಗಿದೆ ಎಂಬುದು ಅವರ ದೂರು. "ಈ ದೊಡ್ಡ ಕೆಪಾಸಿಟರ್ ಹಿರಿಸೊಸೆ ಥರ ಕಣೇ. ಭಾರದ ಕೆಲಸ ಎಲ್ಲ ಮಾಡತ್ತೆ, ಸೂಕ್ಷ್ಮಕ್ಕೆ ಚುರುಕಿಲ್ಲ. ಪಕ್ಕದಲ್ಲೇ ಒಂದು ಪುಟಾಣಿ ಬೈಪಾಸ್ ಕೆಪಾಸಿಟರ್ ಕೂರಿಸಿದ್ರೆ ಸಣ್ಣಪುಟ್ಟದ್ದೆಲ್ಲ ಅದು ನೋಡ್ಕೊಳ್ಳತ್ತೆ. ಹತ್ರಾನೇ ಇರ್ಬೇಕು, ಅಷ್ಟೇ" ಎಂದು ವಿವರಿಸಿದರು. ಈ ಮನೆಯ ಹಿರಿಸೊಸೆ ನಾನೇ. ಬೀನ್ಸಿನ ನಾರನ್ನು ತುಸು ಜೋರಾಗಿಯೇ ಎಳೆದೆ.

ಹಳದಿ ಬಣ್ಣದ ಪುಟಾಣಿ ಕೆಪಾಸಿಟರ್ ಹಾಕಿದರು, ಸಮಾಧಾನವಿಲ್ಲ. ಹುಣಸೆಬೀಜದಂತೆ ಮಿರುಗುವ ಕಂದುಬಣ್ಣದ್ದು ತಂದರು. "ಊಹೂಂ, ಇದೂ ಮಬ್ಬು." ನನಗೋ ಪ್ರತಿ ಸಲವೂ ತಾಳ ಟಿಣ್ ಟಿಣ್ ಎಂದು ತಿಳಿಯಾಗಿ ಕೇಳುತ್ತಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯ ಸ್ಪೀಕರ್ ಕೆಟ್ಟರೂ ಇವರ ಬಳಿ ತಂದು, "ಸಾರ್ ಕಿವಿ ಅಂದ್ರೆ ಕಿವಿ" ಎನ್ನುತ್ತಾರೆ. ಇವರಿಗಿರುವ ಒಂದೇ ಜಂಬ ಅದು. ಆ ಕಿವಿಗೇ ಏನೋ ಆಗಿದೆ ಎಂದು ಹೇಗೆ ಹೇಳುವುದು? ಕಾಫಿ ತಂದೆ. ಆಮೇಲೆ ಮತ್ತೆ ತಂದೆ.

ಹಸಿರು ಕೆಪಾಸಿಟರ್ ಹಾಕಿದ ದಿನ ಅವರೇ ಕೇಳಿದರು. "ನಿಜ ಹೇಳು. ನಿಂಗೆ ತಾಳ ಕೇಳ್ತಾ ಇದ್ಯಾ?"

"ಕಾಫಿ..."

"ಕಾಫಿ ಬೇಡ."

"ಕೇಳ್ತಿದೆ ರೀ. ಹಳದೀದು ಹಾಕೋಕ್ ಮುಂಚೆನೂ ಕೇಳ್ತಿತ್ತು."

ಅವರು ಬೆಸುಗೆ ಕಡ್ಡಿಯನ್ನು ಮೆಲ್ಲಗೆ ಅದರ ಸ್ಟ್ಯಾಂಡಿನಲ್ಲಿಟ್ಟರು. ಭಜನೆ ಮುಗಿದ ಮೇಲೆ ಆಂಪ್ಲಿಫೈಯರನ್ನು ಆರಿಸಿದರು.

ರಾಜಾಜಿನಗರದಲ್ಲಿ ಕಿವಿ ಪರೀಕ್ಷಿಸಿದ ಡಾಕ್ಟರಮ್ಮ, "ಸಣ್ಣ ಸದ್ದುಗಳು ಕೇಳದೆ ತುಂಬಾ ದಿನ ಆಗಿದೆ ಅಂಕಲ್. ಕಾಲಿಂಗ್ ಬೆಲ್, ಫೋನು, ಯಾವ್ದೂ ಗೊತ್ತಾಗ್ತಿರ್ಲಿಲ್ವಾ?" ಎಂದರು.

"ಎಲ್ಲಾ ಗೊತ್ತಾಗ್ತಿತ್ತಲ್ಲಮ್ಮಾ" ಎಂದ ಇವರು, ತುಸು ಯೋಚಿಸಿ, "ಇವಳು ಹೇಳ್ತಿದ್ಲು" ಎಂದರು.

ಹೌದು. 'ರೀ, ಬೆಲ್ಲು', 'ರೀ, ನಿಮ್ಮ ಫೋನು', 'ರೀ, ಗೇಟಲ್ಲಿ ಯಾರೋ'. ಪಕ್ಕದಲ್ಲೇ ಕೂತು ಎಲ್ಲವನ್ನೂ ದಾಟಿಸುತ್ತಿದ್ದೆ. ಕೊರತೆ ಅವರಿಗೆ ತಿಳಿಯಲು ನಾನು ಬಿಟ್ಟಿದ್ದರೆ ತಾನೆ? ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ಈಗ ಇವರ ಕಿವಿಗೆ ಯಂತ್ರ ಬಂದಿದೆ. ಆಂಪ್ಲಿಫೈಯರಿಗೆ ಮುಚ್ಚಳ ಹಾಕಿಯಾಗಿದೆ. ಬೆಲ್ಲಾದರೆ ಅವರೇ ಏಳುತ್ತಾರೆ. ನಾನು 'ರೀ' ಎಂದು ತೆರೆದ ಬಾಯಿಯನ್ನು ಮುಚ್ಚಿಕೊಂಡು, ಮಾಡಲು ಬೇರೇನೂ ತೋಚದೆ ಕಾಫಿಗೆ ನೀರಿಡಲು ಹೋಗುತ್ತೇನೆ. ಅಡುಗೆಮನೆಯಲ್ಲಿ ನನ್ನಷ್ಟಕ್ಕೆ ನಾನು ಗೊಣಗಿಕೊಳ್ಳುವುದಕ್ಕೂ ಈಚೆಗೆ ಊಟದ ಮೇಜಿನ ಕಡೆಯಿಂದ ಉತ್ತರ ಬರತೊಡಗಿದೆ.