ಅರ್ಧ ಮಾತ್ರೆಯ ಹವಾಮಾನ

ಎಲ್ಲ ತಾಪತ್ರಯಕ್ಕೂ ಮೂಲ ಡಾಕ್ಟರಮ್ಮ ಹೇಳಿದ ಒಂದೇ ಒಂದು ಮಾತು. "ಮಾತ್ರೆ ಇಳಿಸ್ತಾ ಬರುವಾಗ ನಿಮ್ಮ ಮೇಲೆ ಒಂದು ಕಣ್ಣಿಟ್ಟಿರೋಕೆ ಮನೇಲೊಬ್ರಿಗೆ, ಕೆಲಸದ ಜಾಗದಲ್ಲೊಬ್ರಿಗೆ ಹೇಳಿರಿ" ಎಂದಿದ್ದರು.

ಪಾದರಸ ಮನೆಯಲ್ಲಿ ಹೆಂಡತಿಗೆ ಹೇಳಿದ. ಕೆಲಸದ ಜಾಗದಲ್ಲಿ ಟೈಪಿಸ್ಟ್ ಅಕ್ಕನಿಗೆ ಹೇಳಿದ. ತಪ್ಪಿದ್ದು ಅಲ್ಲೇ. ಅವನು ಕೆಲಸ ಮಾಡುತ್ತಿದ್ದದ್ದು ಹವಾಮಾನ ವೀಕ್ಷಣಾ ಕಚೇರಿಯಲ್ಲಿ. ಮೂರು ಗಂಟೆಗೊಮ್ಮೆ ಗಾಳಿ, ಮೋಡ, ಶಾಖ ನೋಡಿ ಪುಸ್ತಕದಲ್ಲಿ ಬರೆಯುವುದೇ ಅಲ್ಲಿನವರ ಹೊಟ್ಟೆಪಾಡು. ಒಂದು ಕಣ್ಣಿಡಿ ಎಂದರೆ ಸುಮ್ಮನೆ ಒಂದು ಕಣ್ಣಿಟ್ಟು ಕೂರುವ ಜನವಲ್ಲ ಅದು.

ಪಾದರಸ ಎಂಬುದು ಅವನ ಹೆಸರಲ್ಲ. ಕೆಲಸಕ್ಕೆ ಸೇರಿದ ದಿನವೇ ಉಷ್ಣಮಾಪಕ ಒಡೆದು, ನೆಲದ ಮೇಲೆ ಓಡುವ ಪಾದರಸದ ಹಿಂದೆ ಮೊಣಕಾಲೂರಿ ಹೋಗಿದ್ದಕ್ಕೆ ಸಂದ ಬಿರುದು. ಮನುಷ್ಯ ಮಾತ್ರ ಮಹಾ ನಿಧಾನಿ. ಎರಡು ವರ್ಷದ ಹಿಂದೆ ಆ ನಿಧಾನವೂ ನಿಂತುಹೋಗಿತ್ತು. ಹಾಸಿಗೆಯಿಂದ ಏಳಲಾರದೆ, ಸ್ನಾನಕ್ಕೂ ಮನಸ್ಸಾಗದೆ ಗೋಡೆ ನೋಡುತ್ತ ಮಲಗಿಬಿಟ್ಟ. ಆಗ ಅವನ ಪಾಳಿಗಳನ್ನೆಲ್ಲ ಒಂದು ಮಾತೂ ಆಡದೆ ಮಾಡಿದವರು ಇದೇ ಕಚೇರಿಯವರು. ಡಾಕ್ಟರಮ್ಮ ಕೊಟ್ಟ ಮಾತ್ರೆ ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿತು.

ಮನುಷ್ಯನಾದ ಮೇಲೆ ಬುದ್ಧಿ ಓಡಬೇಕಲ್ಲ, ಓಡಿತು. ಹೋದ ವರ್ಷ "ಚೆನ್ನಾಗೇ ಇದೀನಲ್ಲ" ಎಂದು ಯಾರನ್ನೂ ಕೇಳದೆ ಒಂದು ಸೋಮವಾರ ಮಾತ್ರೆ ನಿಲ್ಲಿಸಿದ. ಶುಕ್ರವಾರದ ಹೊತ್ತಿಗೆ ತಲೆಯೊಳಗೆ ಕರೆಂಟು ಹೊಡೆದಂತೆ ಜುಮ್ಮೆನ್ನತೊಡಗಿತು, ನಿದ್ದೆ ಹೋಯಿತು. ಮಳೆಮಾಪಕದ ಮುಂದೆ ಕೂತು ಗಳಗಳನೆ ಅತ್ತವನನ್ನು ಡಾಕ್ಟರಮ್ಮನ ಬಳಿಗೆ ಹೊತ್ತುಕೊಂಡು ಹೋದವರೂ ಇವರೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೆಂಡತಿ ಹೇಳಿದ್ದು ಆಗ. ಈ ಸಲ ಡಾಕ್ಟರಮ್ಮನ ಲೆಕ್ಕದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದ. ಮೊದಲು ಮುಕ್ಕಾಲು ಮಾತ್ರೆ, ಆಮೇಲೆ ಅರ್ಧ. ಅರ್ಧಕ್ಕೆ ಇಳಿದು ಇಂದಿಗೆ ಆರು ವಾರ. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ನೋಡಿ, ಎಲ್ಲ ಸರಿಯಿದ್ದರೆ ಕಾಲು ಮಾತ್ರೆಗೆ ಇಳಿಸುತ್ತಾರೆ. ಸರಿಯಿಲ್ಲದಿದ್ದರೆ ಮತ್ತೆ ಮುಕ್ಕಾಲು. ಪಾದರಸನಿಗೆ ಬೇಕಾಗಿದ್ದದ್ದು ಆ ಕಾಲು, ಅಷ್ಟೇ.

ಬೆಳಿಗ್ಗೆ ಹೆಂಡತಿ ಮಾತ್ರೆಯನ್ನು ಪುಡಿಯಾಗದಂತೆ ಎರಡು ಮಾಡಿ, "ಇವತ್ತೊಂದಿನ ಯಾರ ಮೇಲೂ ರೇಗಬೇಡಿ ಕಣ್ರೀ" ಎಂದಳು.

"ನಾನ್ಯಾಕೆ ರೇಗಲಿ?" ಎಂದು ಪಾದರಸ ಸೀಟಿ ಹೊಡೆಯುತ್ತ ಹೊರಟ.

ಕಚೇರಿಯ ಬಾಗಿಲಲ್ಲೇ ಟೈಪಿಸ್ಟ್ ಅಕ್ಕ ಸಿಕ್ಕಳು. ಕೈಯಲ್ಲಿ ನೀಲಿ ರಟ್ಟಿನ ಪುಸ್ತಕ. ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲು ಮೋಡ ಎಂದು ಬರೆಯುವುದು ಅಲ್ಲಿನ ಪದ್ಧತಿ. ಆರು ವಾರದಿಂದ ಪಾದರಸನ ಮುಖಕ್ಕೂ ಅದೇ ಪದ್ಧತಿ.

"ಎಂಟೂವರೆ ಆಯ್ತು. ಹೇಗಿದೀಯಪ್ಪಾ?"

"ಚೆನ್ನಾಗಿದೀನಕ್ಕ."

"ಸೀಟಿ ಹೊಡೀತಾ ಬಂದೆಯಲ್ಲ, ಯಾಕೆ?"

"ಯಾಕೆ ಅಂದ್ರೆ? ಹೀಗೇ."

ಅಕ್ಕ ಮುಖ ಗಂಟಿಕ್ಕಿಕೊಂಡು "ಕಾರಣವಿಲ್ಲದ ಸೀಟಿ" ಎಂದು ಬರೆದಳು. ಸಾಲದೆಂದು ಅವನ ಹೆಂಡತಿಗೆ ಫೋನು ಮಾಡಿ ಮನೆಯಲ್ಲೂ ಸೀಟಿ ಇತ್ತೇ ಎಂದು ವಿಚಾರಿಸಿದಳು. ಪಾದರಸನಿಗೆ ನೆತ್ತಿ ಬಿಸಿಯಾಯಿತು. "ಸೀಟಿ ಹೊಡೆಯೋದೂ ತಪ್ಪಾ?" ಎಂದ. ಎಂಟರಲ್ಲಿ ಎರಡು ಇದ್ದ ಮೋಡ ಐದಕ್ಕೆ ಏರಿತು.

ಹನ್ನೊಂದೂವರೆಗೆ ಗಾಳಿಯ ದಿಕ್ಕು ತೋರುವ ಮುಳ್ಳಿಗೆ ಎಣ್ಣೆ ಹಾಕಲು ಅವನು ಏಣಿ ಹತ್ತಬೇಕಿತ್ತು. ಅರ್ಧ ಹತ್ತುವುದರೊಳಗೆ ಬೆಲೂನಣ್ಣ ಓಡಿ ಬಂದ. ದಿನವೂ ಆಕಾಶಕ್ಕೆ ಬೆಲೂನು ಬಿಡುವ ದೊಡ್ಡ ದೇಹದ ಮನುಷ್ಯ, ಕೈಗೆ ಸಿಕ್ಕಿದ್ದನ್ನು ಸಲೀಸಾಗಿ ಬಿಡುವವನಲ್ಲ.

"ತಲೆ ಸುತ್ತುತ್ತಾ ತಮ್ಮಾ?"

"ಇಲ್ಲಣ್ಣ."

"ಸುತ್ತಿದ್ರೂ ನೀನು ಹೇಳೋನಲ್ಲ" ಎಂದು ಅವನ ಎಡಗಾಲನ್ನು ಎರಡೂ ಕೈಯಿಂದ ಅಪ್ಪಿ ಹಿಡಿದ. ಅಕ್ಕ ಏಣಿ ಹಿಡಿದಳು. ಸದ್ದು ಕೇಳಿ ಸಾಹೇಬರೂ ಕೋಣೆಯಿಂದ ಬಂದು, ಹಿಡಿಯಲು ಬೇರೇನೂ ಉಳಿದಿರದ ಕಾರಣ ಅಕ್ಕನ ಕೈಯಲ್ಲಿದ್ದ ಪುಸ್ತಕ ಹಿಡಿದರು. ಪಾದರಸ ಮೇಲೆ ಹೋಗಲಾರ, ಕೆಳಗೆ ಬರಲಾರ. ಅದೇ ಹೊತ್ತಿಗೆ ಗಾಳಿ ಬೀಸಿ ಕಣ್ಣಿಗೆ ಧೂಳು ಬಿತ್ತು.

"ಕಾಲು ಬಿಡೋ ಮಾರಾಯಾ" ಎಂದು ಅವನು ಕೂಗಿಕೊಂಡ. ಎಡಗಣ್ಣಿಂದ ನೀರು ಸುರಿಯುತ್ತಿತ್ತು.

"ಕೋಪ, ಅದರ ಜೊತೆ ಕಣ್ಣೀರು" ಎಂದರು ಸಾಹೇಬರು.

"ಒಂದೇ ಕಣ್ಣಲ್ಲಿ ಸರ್" ಎಂದಳು ಅಕ್ಕ, ನಿಷ್ಠುರವಾಗಿ. "ಪೂರ್ತಿ ಅಳು ಅಂತ ಬರೆಯೋಕೆ ಬರಲ್ಲ."

"ಅರ್ಧ ಮಾತ್ರೆ ತಾನೇ, ಅರ್ಧ ಅಳು" ಎಂದ ಬೆಲೂನಣ್ಣ, ಕಾಲು ಬಿಡದೆ. ಎಲ್ಲರಿಗೂ ಅದು ಸರಿ ಕಂಡಿತು.

ಮಧ್ಯಾಹ್ನ ಎರಡೂವರೆ ಸಮೀಪಿಸುತ್ತಿದ್ದಂತೆ ಪಾದರಸ ಜಾಣತನ ಮಾಡಿ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ಹತ್ತು ನಿಮಿಷ ಉಸಿರು ಬಿಗಿಹಿಡಿದು ಕಳೆದರೆ ಹೊತ್ತು ಮೀರುತ್ತದೆ, ಹೊತ್ತು ಮೀರಿ ಬರೆಯಬೇಕೆಂದರೆ ಸಹಿ, ನಿಯಮ ಎಂದು ನೂರು ತೊಡಕು. ಒಳಗೆ ತಂಪಾಗಿತ್ತು, ನೆಮ್ಮದಿಯಾಗಿತ್ತು. ಎರಡೂವರೆಗೆ ಸರಿಯಾಗಿ ಬಾಗಿಲು ಬಡಿದ ಸದ್ದಾಯಿತು.

"ಒಳಗೆ ಏನ್ಮಾಡ್ತಿದೀರ್ರೀ?" ಸಾಹೇಬರ ದನಿ.

ಇದಕ್ಕೆ ಮರ್ಯಾದಸ್ಥನೊಬ್ಬ ಏನು ಉತ್ತರ ಕೊಡಬೇಕು? ಹೊರಗೆ "ಮಾತಿಲ್ಲ", "ಏಕಾಂತ", "ಒಡೀಲಾ ಸರ್?" ಎಂಬ ಮಾತುಗಳು ಕೇಳಿಸಿದವು. ಕೊನೆಯದು ಬೆಲೂನಣ್ಣನದು. ಅವನು ಹೇಳಿದ್ದನ್ನು ಮಾಡುವವನಾದ್ದರಿಂದ ಪಾದರಸ ತಾನೇ ಚಿಲಕ ತೆಗೆದು ಹೊರಬಂದು, ಮೂವರಿಗೂ ಬಾಯಿಗೆ ಬಂದಂತೆ ಅಂದ. ಎಂಟರಲ್ಲಿ ಎಂಟು. ಮುಗಿಲು ಪೂರಾ ಮುಚ್ಚಿತು.

ಮೂರೂವರೆಗೆ ಬೆಲೂನಣ್ಣನನ್ನು ಕಚೇರಿಗೆ ಕಾವಲಿಟ್ಟು ಸಾಹೇಬರೂ ಅಕ್ಕನೂ ಜೀಪಿನಲ್ಲಿ ಪಾದರಸನನ್ನು ನಡುವೆ ಕೂರಿಸಿಕೊಂಡು ಹೋದರು. ಆ ಪುಸ್ತಕ ಓದಿದ ಯಾವ ಡಾಕ್ಟರೂ ಕಾಲು ಮಾತ್ರೆಯ ಮಾತು ಎತ್ತಲಾರರು ಎಂದು ಅವನಿಗೆ ಖಾತ್ರಿಯಾಗಿತ್ತು.

ಡಾಕ್ಟರಮ್ಮ ಮೊದಲು ಅವನೊಬ್ಬನನ್ನೇ ಒಳಗೆ ಕರೆದರು. ನಿದ್ದೆ ಹೇಗೆ, ಊಟ ಹೇಗೆ, ತಲೆ ಜುಮ್ಮೆನ್ನುತ್ತದೆಯೇ, ಬದುಕು ಸಾಕು ಅನ್ನಿಸಿದ್ದುಂಟೇ, ಎಲ್ಲ ಕೇಳಿದರು. ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ನಿದ್ದೆ ಏಳು ಗಂಟೆ, ಹೆಂಡತಿಗೆ ಮಾತ್ರ ಗೊರಕೆಯಿಂದ ನಿದ್ದೆಯಿಲ್ಲ. ಆಮೇಲೆ ಹೊರಗಿದ್ದವರು ಬಂದರು. ಸಾಹೇಬರು ಮೇಜಿನ ಮೇಲೆ ಹಾಸಿದ್ದು ಪಾದರಸನ ಮುಖದ ಆರು ವಾರದ ನಕ್ಷೆ, ಮೂರು ಬಣ್ಣದ ಶಾಯಿಯಲ್ಲಿ.

ಡಾಕ್ಟರಮ್ಮ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ದಿನಾ ನಾಲ್ಕು ಸಲ ಗೆರೆ ಮೇಲಕ್ಕೆ ಹಾರಿದೆ. ಎಂಟೂವರೆ, ಹನ್ನೊಂದೂವರೆ, ಎರಡೂವರೆ, ಐದೂವರೆ. ನಡುವೆ ಎಲ್ಲಾ ತಣ್ಣಗಿದೆ. ಭಾನುವಾರ ಮನೇಲಿದ್ದಾಗ ಅಂತೂ ಗೆರೆ ಎದ್ದೇ ಇಲ್ಲ. ಈ ಹೊತ್ತಲ್ಲಿ ಏನಾಗುತ್ತೆ?"

"ನಾವು ಹೋಗಿ ಹೇಗಿದೀರಿ ಅಂತ ಕೇಳ್ತೀವಿ ಡಾಕ್ಟ್ರೇ" ಎಂದರು ಸಾಹೇಬರು ಹೆಮ್ಮೆಯಿಂದ. "ಕಚೇರಿ ಇದ್ದ ಒಂದು ದಿನವೂ ತಪ್ಪಿಸಿಲ್ಲ."

ಡಾಕ್ಟರಮ್ಮ ನಕ್ಷೆಯನ್ನು ಮುಖದವರೆಗೂ ಎತ್ತಿಕೊಂಡರು. ಅದರ ಹಿಂದೆ ಭುಜಗಳು ಕುಲುಕುತ್ತಿದ್ದವು. ಕೆಳಗಿಳಿಸಿದಾಗ ಮುಖ ಗಂಭೀರವಾಗಿತ್ತು.

"ಇದು ಮಾತ್ರೆ ತಾಪತ್ರಯ ಅಲ್ಲ. ನಾಳೆಯಿಂದ ಕಾಲು ಮಾತ್ರೆ. ಕೊನೇ ಮೆಟ್ಟಿಲುಗಳನ್ನ ಇನ್ನೂ ನಿಧಾನವಾಗಿ ಇಳೀಬೇಕು. ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದ್ರೆ ನೀವಾಗೇ ನಿಲ್ಲಿಸಬೇಡಿ, ನೀವಾಗೇ ಹೆಚ್ಚಿಸಲೂ ಬೇಡಿ, ನನಗೆ ಫೋನ್ ಮಾಡಿ." ಮತ್ತೆ ಸಾಹೇಬರ ಕಡೆ ತಿರುಗಿ, "ಇಷ್ಟು ಜನ ಇವರನ್ನ ಕಾಯ್ತಿರೋದು ನೋಡಿ ನನಗೇ ಸಂತೋಷ ಆಯ್ತು. ನೋಡ್ತಾ ಇರಿ, ಬರೀತಾ ಇರಿ. ಕೇಳೋದು ಮಾತ್ರ ಬೇಡ" ಎಂದರು.

ಜೀಪಿನಲ್ಲಿ ಪಾದರಸ ಕೈಮುಗಿದುಕೊಂಡೇ ಬಂದ. ಡಾಕ್ಟರಮ್ಮನಿಗೆ, ಕಾಲು ಮಾತ್ರೆಗೆ, ಪಕ್ಕದಲ್ಲಿ ಪೆಚ್ಚಾಗಿ ಕೂತ ಇಬ್ಬರಿಗೂ ಮನಸ್ಸಿನಲ್ಲೇ ನಮಸ್ಕಾರ ಹಾಕಿದ. ಹೋದ ವರ್ಷ ಇದೇ ಜೀಪಿನಲ್ಲಿ ಅಳುತ್ತ ಹೋಗಿದ್ದ. ಇಂಥವರಿಲ್ಲದಿದ್ದರೆ ತಾನು ಎಲ್ಲಿರುತ್ತಿದ್ದೆನೋ ಎಂದು ನೆನೆದ.

ಐದೂವರೆಗೆ ಅವನೇ ಹೊರಗೆ ಹೋಗಿ ಶಾಖ ನೋಡಿ ಬರೆದು ಬಂದ. ಯಾರೂ ಏನೂ ಕೇಳಲಿಲ್ಲ. ಅಕ್ಕ ಟೈಪು ಮಾಡುತ್ತಿದ್ದಳು. ಕೇಳುವಂತಿಲ್ಲವೆಂಬ ಸುದ್ದಿ ತಿಳಿದಿದ್ದ ಬೆಲೂನಣ್ಣ ಕಿಟಕಿಯಾಚೆ ನೋಡುತ್ತಿದ್ದ, ತುಟಿ ಕಚ್ಚಿಕೊಂಡು. ಸಾಹೇಬರು ಒಂದು ಹಳೆಯ ಕಡತವನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

ಆಹಾ, ಎಂಥ ಶಾಂತಿ ಎಂದುಕೊಂಡ ಪಾದರಸ. ಐದು ನಿಮಿಷ ಕಳೆಯಿತು. ಕೆಮ್ಮಿದ. ಯಾರೂ ತಿರುಗಲಿಲ್ಲ. ಕುರ್ಚಿಯನ್ನು ಕರ್ರೆಂದು ಎಳೆದು ಕೂತ, ಎದ್ದ, ಮತ್ತೆ ಕೂತ. "ಅಬ್ಬಾ, ಇವತ್ತು ಸುಸ್ತು" ಎಂದು ಗೋಡೆಗೆ ಹೇಳಿದ. ಗೋಡೆಯೂ ಕೇಳಲಿಲ್ಲ. ಆರು ವಾರದಲ್ಲಿ ಈ ಹೊತ್ತಿಗೆ ಹೀಗೆ ಯಾರಿಗೂ ಬೇಡವಾದವನಂತೆ ಅವನು ಕೂತದ್ದೇ ಇಲ್ಲ. ಒಳಗೆ ಏನೋ ಕಳೆದುಹೋದಂತೆ ಚಡಪಡಿಕೆ ಶುರುವಾಯಿತು.

ಐದೂ ಮುಕ್ಕಾಲಿಗೆ ಮೇಜು ಗುದ್ದಿ ಎದ್ದು ನಿಂತ.

"ಏನ್ ಜನಾರೀ ನೀವು? ಒಬ್ಬ ಮನುಷ್ಯ ಇಲ್ಲಿ ಬದುಕಿದಾನಾ ಸತ್ತಿದಾನಾ, ಹೇಗಿದೀಯಪ್ಪಾ ಅಂತ ಒಂದು ಮಾತು ಕೇಳೋಕಾಗಲ್ವಾ ನಿಮಗೆ?"

ಟೈಪಿನ ಸದ್ದು ನಿಂತಿತು. ಅಕ್ಕನ ಕಣ್ಣು ತುಂಬಿ ಬಂತು, ಬೆಲೂನಣ್ಣ ಕಿಟಕಿಯ ಕಡೆಗೇ ಮುಖ ಮಾಡಿ ಮೂಗು ಒರೆಸಿಕೊಂಡ. ಸಾಹೇಬರು ಮಾತ್ರ ನೀಲಿ ಪುಸ್ತಕ ಬಿಡಿಸಿ ಗೆರೆ ಎಳೆದು ನಿಧಾನವಾಗಿ ಬರೆದರು: "ಸಂಜೆ ೫.೪೫. ಎಂಟರಲ್ಲಿ ಎಂಟು. ಕಾರಣ: ಯಾರೂ ಕೇಳಲಿಲ್ಲ." ಬರೆದು, ಪುಸ್ತಕವನ್ನು ಪಾದರಸನ ಕಡೆಗೆ ತಿರುಗಿಸಿದರು.

"ಹೊತ್ತಲ್ಲದ ಹೊತ್ತಲ್ಲಿ ಬರೆದದ್ದಕ್ಕೆ ಇನ್ನೊಬ್ಬ ವೀಕ್ಷಕರ ಸಹಿ ಬೇಕು, ನಿಯಮ. ಇವರಿಬ್ಬರೂ ಅಳ್ತಿದಾರೆ. ನೀವೇ ಹಾಕಿಬಿಡಿ."

ಪಾದರಸ ಬರೆದದ್ದನ್ನು ಎರಡು ಸಲ ಓದಿದ. ಅಲ್ಲಗಳೆಯುವಂಥದ್ದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮುಂದಿನ ಸಲ ಡಾಕ್ಟರಮ್ಮ ಇದನ್ನು ಓದುತ್ತಾರೆಂದು ಗೊತ್ತಿದ್ದೂ ಪೆನ್ನು ತೆಗೆದುಕೊಂಡು ಸಹಿ ಹಾಕಿದ.